ಕೈಯ ಗುರುತು

ಕಾರಹುಣ್ಣಿಮೆ ಕಳೆದು ಹದಿನೈದು ದಿನಗಳಿಗೆ ಜ್ಯೇಷ್ಠ ಮಾಸದ ಅಮಾವಾಸ್ಯೆ ಬರುತ್ತದೆ. ಉತ್ತರ ಕರ್ನಾಟಕದ ರೈತರು ಇದನ್ನು ಮಣ್ಣೆತ್ತಿನ ಅಮಾವಾಸ್ಯೆ ಎಂದು ಕರೆಯುತ್ತಾರೆ. ಬೆಳಗಾವಿ ಜಿಲ್ಲೆಯಲ್ಲಿ ಘಟಪ್ರಭಾ ನದಿಯ ಆಸುಪಾಸಿನಲ್ಲಿರುವ ನಾಗನೂರದಂತಹ ಊರುಗಳಲ್ಲಿ ಅಂದು ಹೊಲದ ಎರೆಮಣ್ಣನ್ನು ತಂದು, ನೀರು ಬೆರೆಸಿ ಮಿದ್ದು, ಒಂದು ಜೊತೆ ಎತ್ತುಗಳನ್ನೂ ಅವುಗಳ ಮುಂದೆ ಇಡಲು ಒಂದು ಗ್ವಾದಲಿಯನ್ನೂ ಮಾಡುವುದು ವಾಡಿಕೆ. ಎತ್ತುಗಳನ್ನು ಸಿಂಗರಿಸಿ, ಪೂಜಿಸಿ, ಎಡೆ ತೋರಿಸುತ್ತಾರೆ. ಒಂದೇ ಓಣಿಯ ಹತ್ತು ಮನೆಗಳ ಎತ್ತುಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮಣ್ಣು ಒಂದೇ, ವಿಧಾನ ಒಂದೇ, ಮಾಡಬೇಕಾದ ಆಕಾರವೂ ಒಂದೇ. ಆದರೂ ಒಂದರ ಇಣಿ ಎತ್ತರವಾಗಿದೆ. ಇನ್ನೊಂದರ ಕೊರಳು ಗಿಡ್ಡವಾಗಿದೆ. ಮತ್ತೊಂದು ತಲೆಯನ್ನು ತುಸು ಓರೆಮಾಡಿ ಯಾರನ್ನೋ ನೋಡುವಂತಿದೆ. ಬೇರೆಯಾಗಿ ಮಾಡಬೇಕೆಂದು ಯಾರೂ ಹಟ ತೊಟ್ಟವರಲ್ಲ. ಆದರೂ ಮಾಡಿದ ಕೈಯ ಗುರುತು ಮಣ್ಣಿನಲ್ಲಿ ತಾನಾಗಿ ಮೂಡಿದೆ.

ಕಲೆಯನ್ನು ಕುರಿತು ಮಾತನಾಡುವವರು ಸ್ವಂತಿಕೆ ಎಂಬ ಪದವನ್ನು ಬಹಳವಾಗಿ ಬಳಸುತ್ತಾರೆ. ಕಲಾವಿದನಾದವನು ಹಿಂದಿನವರು ಮಾಡದುದನ್ನು ಮಾಡಬೇಕು, ಪರಂಪರೆಯ ಕಟ್ಟನ್ನು ಹರಿದುಕೊಂಡು ಹೊರಬರಬೇಕು, ಆಗಲೇ ಅವನ ಶೈಲಿ ಅವನದಾಗುತ್ತದೆ ಎಂಬ ನಂಬಿಕೆ ಇಂದು ವ್ಯಾಪಕವಾಗಿದೆ. ಈ ನಂಬಿಕೆಯ ಬೆನ್ನಿಗೇ ಇನ್ನೊಂದು ನಂಬಿಕೆಯೂ ಬೆಳೆದಿದೆ. ಒಂದೇ ಬಗೆಯ ಗಡಿಗೆಯನ್ನು ಜೀವಮಾನವಿಡೀ ಮಾಡುವವನು ಕುಂಬಾರ. ಒಂದರಂತೆ ಇನ್ನೊಂದಿಲ್ಲದ ಪಾತ್ರೆಯನ್ನು ಮಾಡಿ ಪ್ರದರ್ಶನಕ್ಕೆ ಇಡುವವನು ಕಲಾವಿದ. ಮೊದಲನೆಯವನದು ಕಸುಬು, ಎರಡನೆಯವನದು ಕಲೆ. ಮಣ್ಣಿನ ಕೆಲಸವನ್ನು ಹತ್ತಿರದಿಂದ ನೋಡಿದರೆ ಈ ಎರಡು ನಂಬಿಕೆಗಳೂ ನಿಲ್ಲುವುದಿಲ್ಲ. ಮಣ್ಣಿನಲ್ಲಿ ಸ್ವಂತಿಕೆ ಎಂಬುದು ಮಣ್ಣನ್ನು ಗೆಲ್ಲುವುದರಿಂದ ಬರುವುದಿಲ್ಲ. ಅದು ಮಣ್ಣಿನ ಗುಣವನ್ನು ಅರಿತು, ಅದಕ್ಕೆ ಒಪ್ಪಿ, ಬಹುಕಾಲ ಅದರೊಡನೆ ದುಡಿದುದರ ಫಲವಾಗಿ ಬರುತ್ತದೆ.

ಎಲ್ಲ ಮಣ್ಣೂ ಒಂದೇ ಅಲ್ಲ. ನಾಗನೂರದ ಸೀಮೆಯಲ್ಲಿ ಕಾಣುವ ಎರೆಮಣ್ಣು ದಖ್ಖನ್ನಿನ ಲಾವಾ ಶಿಲೆ ಶಿಥಿಲಗೊಂಡು ಆದದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾ ತಣಿದು ಕಲ್ಲಾಯಿತು. ಆ ಕಲ್ಲು ಮಳೆ, ಬಿಸಿಲು, ಗಾಳಿಗಳಿಗೆ ಸಿಕ್ಕಿ ಕರಗಿ ಕಪ್ಪು ಮಣ್ಣಾಯಿತು. ಈ ಮಣ್ಣಿನಲ್ಲಿರುವ ಜೇಡಿಯ ಕಣಗಳು ತಮ್ಮ ಪದರುಗಳ ನಡುವೆ ನೀರನ್ನು ಹೀರಿಕೊಂಡು ಹಿಗ್ಗುತ್ತವೆ. ನೀರು ಆರಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಟ್ಟು ಬಿರಿಯುವುದಕ್ಕೆ ಇದೇ ಕಾರಣ. ಬೆಳೆಗೆ ಉತ್ತಮವಾದ ಈ ಮಣ್ಣು ಬರಿದಾಗಿ ಗಡಿಗೆಗೆ ಒದಗುವುದಿಲ್ಲ, ಒಣಗುವಾಗಲೇ ಸೀಳುತ್ತದೆ. ಆದ್ದರಿಂದ ಕುಂಬಾರನು ಕೆರೆಯ ಅಂಗಳದಲ್ಲಿ ವರ್ಷವರ್ಷವೂ ಬಂದು ನೆಲೆಗೊಂಡ ನುಣ್ಣನೆಯ ಜೇಡಿಯನ್ನು ಹುಡುಕುತ್ತಾನೆ. ಅದಕ್ಕೆ ಮರಳನ್ನೋ ಬೂದಿಯನ್ನೋ ಹದವರಿತು ಕೂಡಿಸುತ್ತಾನೆ. ಗಡಿಗೆಗೆ ಒಗ್ಗದ ಎರೆಮಣ್ಣು ಸುಡಬೇಕಾಗಿಲ್ಲದ ಎತ್ತಿಗೆ ಒಗ್ಗುತ್ತದೆ. ಯಾವ ಮಣ್ಣಿನಿಂದ ಯಾವುದನ್ನು ಮಾಡಬೇಕೆಂಬ ಈ ವಿವೇಕವೇ ಮಣ್ಣಿನ ಕಲೆಯ ಮೊದಲನೆಯ ಪಾಠ.

ಜೇಡಿಮಣ್ಣು ಕೈಗೆ ಮಣಿಯುವುದೇಕೆ? ಅದರ ಕಣಗಳು ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿಗಿಂತಲೂ ಸಣ್ಣವು, ಆಕಾರದಲ್ಲಿ ಚಪ್ಪಟೆಯಾದವು. ನೀರು ಈ ಕಣಗಳ ನಡುವೆ ತೆಳುವಾದ ಪೊರೆಯಾಗಿ ನಿಂತಾಗ ಅವು ಒಂದರ ಮೇಲೊಂದು ಜಾರುತ್ತವೆ, ಆದರೆ ಒಂದನ್ನೊಂದು ಬಿಟ್ಟುಹೋಗುವುದಿಲ್ಲ. ನೀರು ಹೆಚ್ಚಾದರೆ ಮಣ್ಣು ಕುಸಿಯುತ್ತದೆ, ಕಡಿಮೆಯಾದರೆ ಬಿರಿಯುತ್ತದೆ. ಈ ಎರಡರ ನಡುವಿನ ಸ್ಥಿತಿಗೆ ಕನ್ನಡದಲ್ಲಿ ಹದ ಎಂಬ ಸೊಗಸಾದ ಮಾತುಂಟು. ಹದವನ್ನು ಅಳೆಯಲು ಕುಂಬಾರನ ಬಳಿ ಬೇರೆ ಉಪಕರಣವಿಲ್ಲ. ಅವನ ಹೆಬ್ಬೆರಳೇ ಉಪಕರಣ. ಮಣ್ಣನ್ನು ತುಳಿದು, ನಾದಿ, ಅದರೊಳಗಿನ ಗಾಳಿಯನ್ನು ಹೊರದೂಡಿ, ಕಲ್ಲು ಕಸಗಳನ್ನು ಆರಿಸಿ ತೆಗೆಯುವ ಕೆಲಸದಲ್ಲಿ ಅವನ ದಿನದ ಬಹುಪಾಲು ಕಳೆಯುತ್ತದೆ. ನೋಡುವವರಿಗೆ ಇದು ಬರಿಯ ದುಡಿಮೆ. ಆದರೆ ಆ ಹೊತ್ತಿನಲ್ಲಿ ಅವನ ಕೈ ಅಂದಿನ ಮಣ್ಣನ್ನು ಓದುತ್ತಿರುತ್ತದೆ.

ತಿಗರಿಯ ಮುಂದೆ ಕುಳಿತಾಗಲೂ ಇದೇ ಸಂಬಂಧ ಮುಂದುವರಿಯುತ್ತದೆ. ತಿರುಗುವ ತಿಗರಿಯ ಮೇಲೆ ಮಣ್ಣಿನ ಮುದ್ದೆ ಮೊದಲು ನಡುವಿಗೆ ಬಂದು ನಿಲ್ಲಬೇಕು. ಹೊಸಬನು ಮಣ್ಣನ್ನು ಬಲದಿಂದ ನಡುವಿಗೆ ನೂಕಲು ಹೋಗುತ್ತಾನೆ. ಮಣ್ಣು ಅವನ ಕೈಯನ್ನೇ ಅಲುಗಿಸಿಬಿಡುತ್ತದೆ. ಅನುಭವಿಯು ತೋಳನ್ನು ಮೊಣಕಾಲಿಗೆ ಆನಿಸಿ ಕೈಯನ್ನು ಸ್ಥಿರವಾಗಿ ಹಿಡಿಯುತ್ತಾನೆ. ಸ್ಥಿರವಾದ ಕೈಗೆ ತಾಗುತ್ತ ತಾಗುತ್ತ ಮಣ್ಣು ತಾನೇ ನಡುವಿಗೆ ಬರುತ್ತದೆ. ಅನಂತರ ಒಳಗಿನ ಬೆರಳು ಹೊರಗಿನ ಬೆರಳಿಗೆ ಗೋಡೆಯ ದಪ್ಪವನ್ನು ತಿಳಿಸುತ್ತ ಹೋಗುತ್ತದೆ. ದೊಡ್ಡ ಹರವಿಯಾದರೆ ತಿಗರಿಯಿಂದ ಇಳಿಸಿದ ಮೇಲೆ, ಒಳಗೆ ದುಂಡು ಕಲ್ಲನ್ನು ಆನಿಸಿ ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಹೊಟ್ಟೆಯನ್ನು ಹಿಗ್ಗಿಸಬೇಕು. ಪಾತ್ರೆ ನೆರಳಿನಲ್ಲಿ ನಿಧಾನವಾಗಿ ಒಣಗಬೇಕು. ಅವಸರಪಟ್ಟು ಬಿಸಿಲಿಗಿಟ್ಟರೆ ಒಂದು ಮಗ್ಗುಲು ಬೇಗ ಕುಗ್ಗಿ ಸೀಳು ಬಿಡುತ್ತದೆ. ಹೀಗೆ ಪ್ರತಿ ಹಂತದಲ್ಲಿಯೂ ಮಾಡುವವನ ಇಚ್ಛೆಗೆ ಮಣ್ಣು ಒಂದು ಎಲ್ಲೆಯನ್ನು ಹಾಕುತ್ತದೆ.

ಕೊನೆಯ ಹಂತವಾದ ಬೆಂಕಿಯಲ್ಲಿ ಅವನ ಅಧಿಕಾರ ಇನ್ನೂ ಕಡಿಮೆ. ಆವಿಗೆಯಲ್ಲಿ ಮಡಕೆಗಳನ್ನು ಜೋಡಿಸಿ, ಕುಳ್ಳು, ಹುಲ್ಲು, ಕಟ್ಟಿಗೆಗಳನ್ನು ತುಂಬಿ ಬೆಂಕಿಯಿಟ್ಟ ಮೇಲೆ ಕೈಗೆ ಹೆಚ್ಚಿನ ಕೆಲಸವಿಲ್ಲ. ಸುಮಾರು 500 ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಜೇಡಿಯ ಕಣಗಳ ರಚನೆಯಲ್ಲೇ ಸೇರಿಕೊಂಡಿದ್ದ ನೀರು ಹೊರಟುಹೋಗುತ್ತದೆ. ಅಲ್ಲಿಂದ ಮುಂದೆ ಮಣ್ಣು ಮತ್ತೆಂದೂ ನೀರಿನಲ್ಲಿ ಕರಗಿ ಕೆಸರಾಗದು. ಗಾಳಿ ಧಾರಾಳವಾಗಿ ಆಡಿದರೆ ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಕೆಂಪು ಬಣ್ಣವನ್ನು ತಾಳುತ್ತದೆ. ಗಾಳಿಯನ್ನು ತಡೆದು ಹೊಗೆ ತುಂಬಿಸಿದರೆ ಅದೇ ಮಣ್ಣಿನ ಮಡಕೆ ಕಪ್ಪಾಗುತ್ತದೆ. ಹಳ್ಳಿಯ ಆವಿಗೆಯಲ್ಲಿ ಬೆಂದ ಮಡಕೆಯ ಮೈಯಲ್ಲಿ ಸೂಕ್ಷ್ಮವಾದ ರಂಧ್ರಗಳು ಉಳಿಯುತ್ತವೆ. ಅವುಗಳ ಮೂಲಕ ಜಿನುಗಿದ ನೀರು ಆವಿಯಾಗುವಾಗ ಪಾತ್ರೆಯ ಶಾಖವನ್ನು ಹೀರುವುದರಿಂದ ಬೇಸಿಗೆಯಲ್ಲಿ ಹರವಿಯ ನೀರು ತಂಪಾಗಿರುತ್ತದೆ. ಪಿಂಗಾಣಿಯಂತಹ ಪಾತ್ರೆಗಳಿಗಾದರೋ 1200 ಡಿಗ್ರಿಗೂ ಮೀರಿದ ಶಾಖ ಬೇಕು. ಅಲ್ಲಿ ಮಣ್ಣು ಅರೆಗಾಜಾಗಿ ರಂಧ್ರಗಳು ಮುಚ್ಚಿಹೋಗುತ್ತವೆ. ಯಾವ ಬಗೆಯಾದರೂ ಸರಿ, ಆವಿಗೆಯನ್ನು ಬಿಚ್ಚುವ ತನಕ ಏನಾಗಿದೆಯೆಂದು ಯಾರೂ ಹೇಳಲಾರರು. ಒಡೆದುದನ್ನು ಎತ್ತಿ ಬದಿಗಿಟ್ಟು ಮತ್ತೆ ಮಣ್ಣು ತುಳಿಯುವ ತಾಳ್ಮೆ ಇಲ್ಲದವನಿಗೆ ಈ ವಿದ್ಯೆ ಒಲಿಯದು.

ಬೆಂದ ಮಡಕೆಯನ್ನು ಬೆರಳಿನಿಂದ ತಟ್ಟಿ ನೋಡುವುದು ಎಲ್ಲರಿಗೂ ತಿಳಿದ ಪದ್ಧತಿ. ನಾದ ತಿಳಿಯಾಗಿದ್ದರೆ ಮಡಕೆ ಗಟ್ಟಿ. ಒಡಕು ದನಿ ಬಂದರೆ ಎಲ್ಲಿಯೋ ಬಿರುಕಿದೆ. ಕನ್ನಡ ಸಾಹಿತ್ಯದಲ್ಲಿ ಈ ನಾದಕ್ಕೆ ಒಂದು ಗೌರವದ ಸ್ಥಾನ ದೊರೆತಿದೆ. ಹರಿಹರ ಕವಿಯು ಕುಂಬಾರ ಗುಂಡಯ್ಯನನ್ನು ಕುರಿತು ಒಂದು ರಗಳೆಯನ್ನೇ ರಚಿಸಿದ್ದಾನೆ. ಬೀದರ ಸೀಮೆಯ ಭಾಲ್ಕಿಯ ಈ ಶಿವಶರಣನು ಮಡಕೆಯನ್ನು ಬಾರಿಸುತ್ತ ಭಕ್ತಿಯಿಂದ ಕುಣಿದಾಗ ಸಾಕ್ಷಾತ್ ಶಿವನೇ ಆ ನಾದಕ್ಕೆ ಮನಸೋತು ಇಳಿದುಬಂದು ಕುಣಿದನೆಂಬುದು ಅಲ್ಲಿಯ ಕಥೆ. ಗುಂಡಯ್ಯನು ಕುಂಬಾರಿಕೆಯನ್ನು ಬಿಟ್ಟು ಬೇರೊಂದು ಸಾಧನೆಯನ್ನು ಹುಡುಕಿಕೊಂಡು ಹೋದವನಲ್ಲ. ದಿನದಿನವೂ ಮಾಡುವ ಗಡಿಗೆಯೇ ಅವನಿಗೆ ವಾದ್ಯವಾಯಿತು. ಕಾಯಕವನ್ನೂ ಕಲೆಯನ್ನೂ ಬೇರ್ಪಡಿಸದ ದೃಷ್ಟಿ ಕನ್ನಡ ನಾಡಿಗೆ ಹೊಸತಲ್ಲವೆಂಬುದನ್ನು ಈ ಕಥೆ ತೋರಿಸುತ್ತದೆ.

ಆದರೆ ಒಂದನ್ನೇ ಮತ್ತೆ ಮತ್ತೆ ಮಾಡುವುದರಿಂದ ಕೈ ಯಂತ್ರವಾಗುವುದಿಲ್ಲವೇ ಎಂಬ ಪ್ರಶ್ನೆ ಸಹಜವಾದುದು. ಇದಕ್ಕೆ ಜಪಾನಿನ ಶೋಜಿ ಹಮಾದಾ ಅವರ ಬದುಕು ಒಂದು ಉತ್ತರವಾಗಿದೆ. 1894 ರಲ್ಲಿ ಹುಟ್ಟಿದ ಹಮಾದಾ ವಿಜ್ಞಾನದ ಕ್ರಮದಲ್ಲಿ ಮಣ್ಣು, ಮೆರುಗುಗಳ ಅಭ್ಯಾಸ ಮಾಡಿದವರು. 1920 ರಲ್ಲಿ ಬರ್ನಾರ್ಡ್ ಲೀಚ್ ಎಂಬ ಆಂಗ್ಲ ಕಲಾವಿದರೊಡನೆ ಇಂಗ್ಲೆಂಡಿಗೆ ಹೋಗಿ ಸೇಂಟ್ ಐವ್ಸ್ ಎಂಬಲ್ಲಿ ಆವಿಗೆ ಕಟ್ಟಿದರು. ಅಷ್ಟು ಹೆಸರು ಮಾಡಿದವರು ತಾಯ್ನಾಡಿಗೆ ಮರಳಿದ ಮೇಲೆ ನೆಲೆಸಿದ್ದು ಮಾಶಿಕೊ ಎಂಬ ಹಳ್ಳಿಯಲ್ಲಿ. ಅದು ಅಡುಗೆಮನೆಯ ಸಾಧಾರಣ ಪಾತ್ರೆಗಳನ್ನು ಮಾಡುವ ಕುಂಬಾರರ ಊರು. ಅಲ್ಲಿನ ಮಣ್ಣು ಉತ್ತಮ ಜಾತಿಯದಲ್ಲ. ಆದರೂ ಅದನ್ನೇ ಅವರು ತಮ್ಮ ಮಣ್ಣಾಗಿ ಆರಿಸಿಕೊಂಡರು. ಅಲ್ಲಿ ಮಾಡಿದ ಪಾತ್ರೆಗಳ ಮೇಲೆ ಅವರು ತಮ್ಮ ಹೆಸರನ್ನು ಹಾಕಲಿಲ್ಲ. 1955 ರಲ್ಲಿ ಜಪಾನ್ ಸರಕಾರ ಅವರನ್ನು ರಾಷ್ಟ್ರದ ಜೀವಂತ ನಿಧಿಯೆಂದು ಗೌರವಿಸಿತು. ಹೆಸರಿಲ್ಲದ ಅವರ ಪಾತ್ರೆಯನ್ನು ಬಲ್ಲವರು ದೂರದಿಂದಲೇ ಗುರುತಿಸುತ್ತಿದ್ದರು.

ಹಮಾದಾ ಅವರು ದೊಡ್ಡ ತಟ್ಟೆಯೊಂದರ ಮೇಲೆ ಸೌಟಿನಿಂದ ಮೆರುಗಿನ ದ್ರವವನ್ನು ಹೊಯ್ದು ಕೆಲವೇ ಕ್ಷಣಗಳಲ್ಲಿ ಚಿತ್ರವನ್ನು ಮುಗಿಸುತ್ತಿದ್ದರು. ಇಷ್ಟು ಬೇಗ ಮುಗಿಯುವ ಕೆಲಸಕ್ಕೆ ಏನು ಬೆಲೆ ಎಂಬಂತೆ ಕೇಳಿದವರಿಗೆ, ಇದಕ್ಕೆ ಹದಿನೈದು ಸೆಕೆಂಡುಗಳ ಜೊತೆಗೆ ಅರವತ್ತು ವರ್ಷಗಳು ಹಿಡಿದಿವೆ ಎಂಬ ಅರ್ಥದ ಉತ್ತರವನ್ನು ಅವರು ಕೊಟ್ಟರೆಂದು ಪ್ರಸಿದ್ಧವಾಗಿದೆ. ಪುನರಾವೃತ್ತಿಯ ಫಲ ಇದು. ಕೈ ಸಾವಿರ ಸಲ ಒಂದೇ ದಾರಿಯಲ್ಲಿ ನಡೆದ ಮೇಲೆ ಮನಸ್ಸಿಗೆ ದಾರಿಯ ಚಿಂತೆ ಉಳಿಯುವುದಿಲ್ಲ. ಆಗ ಮಾಡುವವನ ಸ್ವಭಾವ ತಡೆಯಿಲ್ಲದೆ ಹರಿಯುತ್ತದೆ. ಅಕ್ಷರ ಬರೆಯುವವರೆಲ್ಲ ಒಂದೇ ಅಕ್ಷರಮಾಲೆಯನ್ನು ತಿದ್ದಿ ಕಲಿತವರೇ. ಆದರೂ ಒಬ್ಬರ ಕೈಬರಹ ಇನ್ನೊಬ್ಬರದರಂತೆ ಇರುವುದಿಲ್ಲ. ತಿದ್ದುವ ಮೊದಲೇ ವಿಶಿಷ್ಟವಾದ ಕೈಬರಹ ಬೇಕೆಂದು ಹೊರಟವನಿಗೆ ಸಿಗುವುದು ವಕ್ರವಾದ ಗೆರೆಗಳು ಮಾತ್ರ.

ಭಾರತದಲ್ಲಿ ಈ ದಾರಿಯನ್ನು ತೋರಿದವರಲ್ಲಿ ಸರ್ದಾರ್ ಗುರ್ಚರಣ್ ಸಿಂಗ್ ಅವರು ಪ್ರಮುಖರು. 1919 ರಲ್ಲಿ ಅವರು ಜಪಾನಿಗೆ ಹೋಗಿ ಕುಂಬಾರಿಕೆಯ ಶಾಸ್ತ್ರವನ್ನು ಕಲಿತರು. ಅಲ್ಲಿ ಲೀಚ್, ಹಮಾದಾ ಮೊದಲಾದವರ ಪರಿಚಯವೂ ಅವರಿಗಾಯಿತು. 1952 ರಲ್ಲಿ ದೆಹಲಿಯಲ್ಲಿ ಸ್ವಂತ ಕಾರ್ಯಾಗಾರವನ್ನು ಸ್ಥಾಪಿಸಿ, ನೀಲಿ ಮೆರುಗಿನ ಪಾತ್ರೆಗಳನ್ನು ಮಾಡುತ್ತ, ಬಂದವರಿಗೆ ವಿದ್ಯೆಯನ್ನು ಹಂಚಿದರು. ಅವರ ತರುವಾಯ ಬಂದ ಹಲವರು ಮಣ್ಣಿನ ಕೆಲಸವನ್ನು ಕಲಾಶಾಲೆಗಳಿಗೂ ಪ್ರದರ್ಶನಗಳಿಗೂ ಒಯ್ದರು. ಇದು ಸಂತೋಷದ ವಿಷಯವೇ. ಆದರೆ ಅದೇ ಕಾಲದಲ್ಲಿ ಹಳ್ಳಿಯ ಕುಂಬಾರನ ಸ್ಥಾನಮಾನ ಏರಲಿಲ್ಲವೆಂಬುದು ವಿಷಾದದ ಸಂಗತಿ. ಪಟ್ಟಣದ ಪ್ರದರ್ಶನದಲ್ಲಿ ಮಣ್ಣಿನ ಕುದುರೆಗೆ ಕಲೆಯ ಬೆಲೆ ಬರುತ್ತದೆ. ಸಂತೆಯಲ್ಲಿ ಅಂಥದೇ ಕುದುರೆಯನ್ನು ಚೌಕಾಸಿ ಮಾಡಿ ಕೊಳ್ಳುತ್ತಾರೆ. ಎರಡನ್ನೂ ಮಾಡಿದ್ದು ಮನುಷ್ಯನ ಕೈಯೇ. ವ್ಯತ್ಯಾಸವಿರುವುದು ಕೈಯಲ್ಲಿ ಅಲ್ಲ, ನೋಡುವವರ ಕಣ್ಣಿನಲ್ಲಿ.

ಹೆಸರಿಲ್ಲದ ಆ ಕೈಗಳಿಗೆ ನಾಡು ಎಷ್ಟು ಋಣಿಯಾಗಿದೆಯೆಂಬುದನ್ನು ಇತಿಹಾಸಕಾರರು ಬಲ್ಲರು. 1947 ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ, ಒಂದರ ಕೆಳಗೊಂದು ಹೂತಿದ್ದ ಸಂಸ್ಕೃತಿಗಳನ್ನು ಬೇರ್ಪಡಿಸಿ ಗುರುತಿಸಲು ಮಡಕೆಯ ಚೂರುಗಳೇ ಮುಖ್ಯ ಆಧಾರಗಳಾದವು. ರಾಜರು ಕೆತ್ತಿಸಿದ ಶಾಸನ ಹೇಳದ ಜನಜೀವನದ ಸಂಗತಿಗಳನ್ನು ಒಡೆದ ಮಡಕೆ ಹೇಳುತ್ತದೆ. ಹತ್ತಿರದ ಗೋಕಾಕವನ್ನೇ ನೋಡಬಹುದು. ಊರಿನ ಸುತ್ತ ಸಿಗುವ ಮಣ್ಣಿನಿಂದಲೂ ಹಗುರವಾದ ಮರದಿಂದಲೂ ಅಲ್ಲಿ ಮಾಡುತ್ತಿದ್ದ ಬಣ್ಣದ ಗೊಂಬೆಗಳಿಗೂ ಹಣ್ಣುಗಳಿಗೂ ಬ್ರಿಟಿಷರ ಕಾಲದಲ್ಲಿಯೇ ಹೆಸರಿತ್ತು. ನಿಜವಾದ ಹಣ್ಣೆಂದು ಕೈಚಾಚುವಷ್ಟು ಸಹಜವಾಗಿ ಮಾವು, ಸೀತಾಫಲಗಳನ್ನು ಮಾಡಿದವರ ಹೆಸರುಗಳು ಮಾತ್ರ ಪುಸ್ತಕಗಳಿಗೆ ಏರಲಿಲ್ಲ.

ಹಳೆಯದನ್ನು ಹೊಗಳುವಾಗ ಸತ್ಯವನ್ನು ಮರೆಮಾಡಬಾರದು. ಕುಂಬಾರನ ಬದುಕು ಕಷ್ಟದ್ದು. ಮಣ್ಣನ್ನು ಹೊತ್ತು ತರಬೇಕು, ಹೊಗೆಯಲ್ಲಿ ನಿಲ್ಲಬೇಕು, ಅಕಾಲದ ಒಂದು ಮಳೆಗೆ ವಾರದ ದುಡಿಮೆ ಕರಗಿಹೋಗುವುದನ್ನು ನೋಡಬೇಕು. ಹಗುರವಾದ, ಒಡೆಯದ ಕೊಡ ಬಂದುದರಿಂದ ದೂರದ ಬಾವಿಯಿಂದ ನೀರು ಹೊರುವ ಹೆಣ್ಣುಮಕ್ಕಳ ಭಾರ ಇಳಿಯಿತು. ಕುಂಬಾರರ ಮಕ್ಕಳು ಓದಿ ಬೇರೆ ಉದ್ಯೋಗಕ್ಕೆ ಹೋದರೆ ಅವರನ್ನು ಯಾರೂ ಆಕ್ಷೇಪಿಸುವಂತಿಲ್ಲ. ಹುಟ್ಟಿದ ಕುಲದ ಕಾರಣಕ್ಕೆ ಒಬ್ಬನು ಇಂಥದೇ ಕೆಲಸ ಮಾಡಬೇಕೆಂಬುದು ನ್ಯಾಯವಲ್ಲ. ಆದರೆ ಕುಂಬಾರಿಕೆ ಕೀಳು ಎಂಬ ಭಾವನೆಯಿಂದ ಅವರು ಅದನ್ನು ಬಿಡುವಂತಾದರೆ ಅದು ಸಮಾಜದ ತಪ್ಪು. ಬಿಡುವ ಸ್ವಾತಂತ್ರ್ಯ ಹೇಗೆ ಅಗತ್ಯವೋ, ಗೌರವದಿಂದ ಉಳಿಸಿಕೊಳ್ಳುವ ಅವಕಾಶವೂ ಹಾಗೆಯೇ ಅಗತ್ಯ. ಆ ಕುಲದಲ್ಲಿ ಹುಟ್ಟದವನೂ ಅದನ್ನು ಕಲಿಯುವಂತಿರಬೇಕು.

ಅಚ್ಚಿನಲ್ಲಿ ಎರಕಹೊಯ್ದ ವಸ್ತುಗಳ ವಿಷಯವನ್ನೂ ಇಲ್ಲಿ ನೆನೆಯಬೇಕು. ಗಣೇಶ ಚೌತಿಯ ಮೂರ್ತಿಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸಿನಿಂದ ಎರಕಹೊಯ್ಯುವ ಪದ್ಧತಿ ಹಲವು ವರ್ಷಗಳಲ್ಲಿ ಬೆಳೆಯಿತು. ಅವು ನೀರಿನಲ್ಲಿ ಬೇಗನೆ ಕರಗದೆ ಕೆರೆ ಬಾವಿಗಳನ್ನು ಕೆಡಿಸುವುದರಿಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020 ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಅಂತಹ ಮೂರ್ತಿಗಳನ್ನು ನಿಷೇಧಿಸಿತು. ನೀರಿಗೆ ಆಗುವ ಕೇಡನ್ನು ಹೀಗೆ ಅಳೆಯಬಹುದು. ಇನ್ನೊಂದು ಕೇಡನ್ನು ಅಳೆಯುವುದು ಕಷ್ಟ. ಅಚ್ಚಿನಿಂದ ಬಂದ ನೂರು ಮೂರ್ತಿಗಳ ಮುಖ ಒಂದೇ. ಅವುಗಳಲ್ಲಿ ಕುಂದಿಲ್ಲ, ಆದರೆ ಮಾಡಿದವನೂ ಇಲ್ಲ. ಉತ್ತರ ಕರ್ನಾಟಕದ ಹಬ್ಬಗಳ ಸಾಲಿನಲ್ಲಿ ಮಣ್ಣು ಪದೇ ಪದೇ ಕೈಗೆ ಬರುತ್ತದೆ. ಮಣ್ಣೆತ್ತು ಹೋದ ಮೇಲೆ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ಮಣ್ಣಿನ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಹಿಂದೆಯೇ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುವ ಜೋಕುಮಾರ. ಈ ಮೂರ್ತಿಗಳೆಲ್ಲ ಪೇಟೆಯಿಂದ ಬರುವಂತಾದರೆ ಹಬ್ಬ ಉಳಿದೀತು, ಕೈ ಕಲಿತದ್ದು ಉಳಿಯಲಾರದು.

ಹಾಗಾದರೆ ಮಾಡಬೇಕಾದುದೇನು? ಬೆಳಗಾವಿ ಜಿಲ್ಲೆಯವರಿಗೆ ಇದಕ್ಕೆ ದೂರ ಹೋಗಬೇಕಾಗಿಲ್ಲ. ಖಾನಾಪುರದ ಮಣ್ಣಿನ ಪಾತ್ರೆಗಳಿಗೂ ಹಂಚುಗಳಿಗೂ ಹೆಸರುಂಟು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿಯೇ ಇದೆ. ಮಣ್ಣನ್ನು ಸೋಸುವುದು, ಯಂತ್ರದ ತಿಗರಿಯನ್ನು ನಡೆಸುವುದು, ಶಾಖವನ್ನು ಹತೋಟಿಯಲ್ಲಿಡುವುದು ಮೊದಲಾದ ಹೊಸ ತಿಳಿವಳಿಕೆಗಳು ಹಳೆಯ ಕೈಗೆ ಬಲವನ್ನು ಕೊಡಬಲ್ಲವು. ಶಾಲೆಗಳೂ ಈ ಕೆಲಸದಲ್ಲಿ ಪಾಲುಗೊಳ್ಳಬೇಕು. ವಿಜ್ಞಾನದ ಪಾಠದಲ್ಲಿ ಮಣ್ಣಿನ ಬಗೆಗಳನ್ನು ಓದುವ ವಿದ್ಯಾರ್ಥಿ ಎರೆಮಣ್ಣನ್ನೂ ಕೆರೆಮಣ್ಣನ್ನೂ ಕೈಯಲ್ಲಿ ಮಿದ್ದು ನೋಡಲಿ. ಎರಡರಿಂದಲೂ ಒಂದೊಂದು ಹಣತೆಯನ್ನು ಮಾಡಿ ಒಣಗಿಸಲಿ. ಯಾವುದು ಸೀಳಿತು, ಏಕೆ ಸೀಳಿತು ಎಂದು ಕಂಡುಕೊಂಡಾಗ ಅವನಿಗೆ ಭೂವಿಜ್ಞಾನವೂ ತಿಳಿದೀತು, ಕುಂಬಾರನ ಬುದ್ಧಿಯೂ ತಿಳಿದೀತು. ಊರಿನ ಕುಂಬಾರನನ್ನು ಒಂದು ದಿನ ಶಾಲೆಗೆ ಕರೆದು ಗುರುಗಳ ಪಕ್ಕದಲ್ಲಿ ಕೂರಿಸಿದರೆ ಆ ದಿನದ ಪಾಠ ಬಹುಕಾಲ ನೆನಪಿನಲ್ಲಿ ಉಳಿಯುತ್ತದೆ.

ಮಣ್ಣಿನಲ್ಲಿ ಕೆಲಸ ಮಾಡುವವನು ಹಳ್ಳಿಯವನಾಗಲಿ, ಪಟ್ಟಣದ ಕಲಾಶಾಲೆಯಿಂದ ಬಂದವನಾಗಲಿ, ಅವನು ನಡೆಯಬೇಕಾದ ದಾರಿ ಒಂದೇ. ಸಿಕ್ಕಿದ ಮಣ್ಣನ್ನು ಅರಿಯಬೇಕು, ಹದಕ್ಕಾಗಿ ಕಾಯಬೇಕು, ಒಡೆದಾಗ ಮಣ್ಣನ್ನು ದೂರದೆ ತನ್ನ ಕೈಯ ತಪ್ಪನ್ನು ಹುಡುಕಬೇಕು, ಮಾಡಿದ್ದನ್ನೇ ಮತ್ತೆ ಮಾಡುವಾಗಲೂ ಗಮನ ಕುಂದದಂತೆ ನೋಡಿಕೊಳ್ಳಬೇಕು. ಇಷ್ಟನ್ನು ಮಾಡಿದವನ ಪಾತ್ರೆಯಲ್ಲಿ ಅವನ ಗುರುತು ತಾನಾಗಿ ಇರುತ್ತದೆ. ಅವನು ಅದರ ಅಡಿಯಲ್ಲಿ ಹೆಸರು ಕೊರೆದರೂ ಸರಿಯೆ, ಕೊರೆಯದಿದ್ದರೂ ಸರಿಯೆ.

ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ಮೇಲೆ ಪೂಜೆಗೊಂಡ ಎತ್ತುಗಳು ಮತ್ತೆ ನೀರಿಗೆ, ಮಣ್ಣಿಗೆ ಸೇರುತ್ತವೆ. ಸುಡದ ಮಣ್ಣು ಕರಗಿ ಹೊಲದ ಮಣ್ಣೇ ಆಗುತ್ತದೆ. ಆದರೆ ಎತ್ತು ಮಾಡಿದ ಹುಡುಗನ ಬೆರಳಿಗೆ ಮಣ್ಣಿನ ಹದ ಗೊತ್ತಾಗಿದೆ. ಮುಂದಿನ ವರ್ಷ ಅವನು ಮಾಡುವ ಎತ್ತು ಇನ್ನಷ್ಟು ಚೆನ್ನಾಗಿ ನಿಲ್ಲುತ್ತದೆ. ಪ್ರತಿ ಮನೆಯಲ್ಲಿಯೂ ಅಂತಹ ಒಂದು ಕೈ ಇರುವ ತನಕ ಘಟಪ್ರಭೆಯ ಸೀಮೆಯಲ್ಲಿ ಈ ಕಲೆ ಅಳಿಯಿತೆಂದು ಹೇಳಲಾಗದು.